ಮಂಗಳೂರಿನಿಂದ ಕಾರ್ಕಳಕ್ಕೆ, ಬಂಡಲ್ ಮಾರ್ಗವಾಗಿ

ಶುಕ್ರವಾರ

ನಮ್ಮ ಭಾವ ಪೆಡಲ್ ತುಳಿದರೆ ಸೈಕಲ್ ಮುಂದೆ ಹೋಗುವುದಿಲ್ಲ, ಭೂಮಿ ಹಿಂದೆ ಹೋಗುತ್ತದೆ. ಇದು ಅವರೇ ಹೇಳಿದ್ದು. "ಎಲ್ಲರ ಹಾಗೆ ನಾನೂ ಉಡುಪಿಗೆ ಹೋಗುವುದು ಅಂತ ತಿಳ್ಕೊಂಡಿದ್ದೀಯಾ? ನಾನು ಒಂದು ಸಲ ಒತ್ತಿದ್ರೆ ಉಡುಪಿಯೇ ಇಲ್ಲಿಗೆ ಬರ್ತದೆ ಮಾರಾಯ." ನ್ಯೂಟನ್‌ನನ್ನು ಕೇಳಿದರೆ ಅವನೂ ಇದನ್ನು ಪೂರ್ತಿ ಸುಳ್ಳು ಅನ್ನಲಿಕ್ಕಿಲ್ಲ. ಚಕ್ರ ನೆಲವನ್ನು ಹಿಂದಕ್ಕೆ ತಳ್ಳುವುದಂತೂ ನಿಜ. ನೆಲ ಎಷ್ಟು ಸರಿಯಿತು ಎಂಬಲ್ಲಿ ಮಾತ್ರ ಇಬ್ಬರ ಲೆಕ್ಕವೂ ತಾಳೆಯಾಗುವುದಿಲ್ಲ.

ಡಿಸೆಂಬರ್ ತಿಂಗಳು. ಬೆಳಿಗ್ಗೆ ಆರಕ್ಕೆ ಕೊಟ್ಟಾರ ಚೌಕಿಯಿಂದ ಹೊರಟೆವು. ಹೆದ್ದಾರಿ 66 ಹಿಡಿದು ಕಟಪಾಡಿ, ಮರುದಿನ ಉಡುಪಿ ಮತ್ತು ಮಲ್ಪೆ, ಆಮೇಲೆ ಮಣಿಪಾಲದ ಏರು ಹತ್ತಿ ಕಾರ್ಕಳ, ಅಲ್ಲಿಂದ ಮೂಡುಬಿದಿರೆ ಮೇಲೆ ವಾಪಸ್. ನನ್ನದು ಬಾಡಿಗೆಗೆ ತಂದ ಗೇರ್ ಸೈಕಲ್. ಭಾವನದ್ದು ಹಳೆಯ ಕಪ್ಪು ಸೈಕಲ್. ಸ್ಪ್ರಿಂಗ್ ಸೀಟು, ಅಗಲದ ಕ್ಯಾರಿಯರ್, ಮುಂದಿನ ಚಕ್ರಕ್ಕೆ ಒರಗುವ ಡೈನಮೋ. ಬರೀ ಸೈಕಲ್ಲೇ 20 ಕಿಲೋ ಮೇಲಿದೆ. ಭಾವನ ಪ್ರಾಯ ಅರವತ್ತು ದಾಟಿದೆ. ನನ್ನ ಗೇರ್ ನೋಡಿ, "ಪಾಪ, ಇರಲಿ, ಎಲ್ಲರಿಗೂ ತೊಡೆ ಇರುವುದಿಲ್ಲ" ಅಂದರು.

ಮಂಗಳೂರಿನಿಂದ ಉಡುಪಿಗೆ ಹೆಚ್ಚುಕಡಿಮೆ 55 ಕಿಲೋಮೀಟರ್ ಅಲ್ವಾ. ಕೂಳೂರು ಸೇತುವೆ ಮೇಲೆ ನನಗೊಂದು ವಿಷಯ ನೆನಪಾಯಿತು. 2022ರ ಅಕ್ಟೋಬರ್‌ನಲ್ಲಿ ಇಟಲಿಯ ಫಿಲಿಪ್ಪೊ ಗನ್ನಾ ಸ್ವಿಟ್ಜರ್ಲೆಂಡಿನ ಗ್ರೆಂಚೆನ್ ಎಂಬಲ್ಲಿ ಒಂದೇ ಗಂಟೆಯಲ್ಲಿ 56.792 ಕಿಲೋಮೀಟರ್ ಸೈಕಲ್ ತುಳಿದ. ಅಂದರೆ ಇಲ್ಲಿ ಹತ್ತಿದವ ಒಂದು ಗಂಟೆಯಲ್ಲಿ ಉಡುಪಿಯ ರಥಬೀದಿಯಲ್ಲಿ ಇಳಿದ ಹಾಗಾಯಿತು. ಇದನ್ನು ಭಾವನಿಗೆ ಹೇಳಿದೆ.

ಭಾವ ಬ್ರೇಕ್ ಹಾಕಿ ನಿಂತರು. "ನೋಡು, ಬಂಡಲ್ ಬಿಡುವುದಕ್ಕೂ ಒಂದು ಕ್ರಮ ಉಂಟು. 56 ಅಂದ್ರೆ ಯಾರಾದ್ರೂ ನಂಬಿಯಾರು. ಆ ಪಾಯಿಂಟ್ 792 ಎಂತಕ್ಕೆ? ಅಲ್ಲೇ ಸಿಕ್ಕಿಬಿದ್ದೆ ನೀನು. ಮುಕ್ಕಾಲು ಕಿಲೋಮೀಟರನ್ನು ಅಳೆದು ನೋಡುವ ಪುರುಸೊತ್ತು ಯಾರಿಗುಂಟು?"

ಈ ಪ್ರವಾಸ ಹೇಗೆ ಹೋಗಲಿದೆ ಎಂದು ಆಗಲೇ ಗೊತ್ತಾಯಿತು. ಅವರು ಹೇಳಿದ್ದನ್ನೆಲ್ಲ ನಾನು ನಂಬಬೇಕು. ನಾನು ನಿಜ ಹೇಳಿದರೆ ಅವರು ಒಂದನ್ನೂ ನಂಬುವುದಿಲ್ಲ.

ಪಣಂಬೂರು, ಬೈಕಂಪಾಡಿ ಬಗ್ಗೆ ಹೇಳಲು ಏನಿಲ್ಲ. ಲಾರಿ, ಧೂಳು, ಲಾರಿ. ಸುರತ್ಕಲ್‌ನಲ್ಲಿ ಬನ್ಸ್ ತಿಂದೆವು. ಬಿಸಿ ಬನ್ಸಿಗೆ ಚಟ್ನಿ ಬೇಕಾ ಸಾಂಬಾರು ಬೇಕಾ ಎಂಬುದು ನಮ್ಮಲ್ಲಿ ದೊಡ್ಡ ವಿಷಯ. ಭಾವ ಎರಡನ್ನೂ ಹಾಕಿಸಿಕೊಂಡು ಎರಡಕ್ಕೂ ತಪ್ಪು ಹೇಳಿದರು. ಎನ್‌ಐಟಿಕೆ ಎದುರು ಬಂದಾಗ ನನಗೆ ಸ್ವಲ್ಪ ಧೈರ್ಯ ಬಂತು. ಇಂಜಿನಿಯರಿಂಗ್ ಕಾಲೇಜಿನ ಗೇಟಿನ ಎದುರು ನಿಂತು ಹೇಳಿದರಾದರೂ ಲೆಕ್ಕಕ್ಕೆ ಬೆಲೆ ಬಂದೀತು ಎಂದುಕೊಂಡೆ. ಅಭ್ಯಾಸ ಇಲ್ಲದ ಸಾಮಾನ್ಯ ಮನುಷ್ಯ ಒಂದೇ ಸಮನೆ ಸೈಕಲ್ ತುಳಿದರೆ ಅವನ ಕಾಲಿನಿಂದ ಬರುವುದು ಸುಮಾರು 100 ವಾಟ್. ಒಂದು ಹಾರ್ಸ್‌ಪವರ್ ಅಂದರೆ 746 ವಾಟ್.

"ಅಂದ್ರೆ ಒಂದು ಕುದುರೆಯ ಏಳನೇ ಒಂದು ಭಾಗ, ಭಾವ."

"ಯಾವ ಭಾಗ? ಬಾಲವಾ?"

ಮುಕ್ಕ ದಾಟಿ ಪಾವಂಜೆಯ ಹತ್ತಿರ ಬರುವಾಗ ಹಿಂದಿನಿಂದ ಹಾರ್ನ್ ಕೇಳಿತು. ಮಂಗಳೂರು-ಉಡುಪಿ ಎಕ್ಸ್‌ಪ್ರೆಸ್ ಬಸ್ಸುಗಳ ಹಾರ್ನ್ ಹೇಗಿರುತ್ತದೆ ಎಂದು ಈ ಕಡೆಯವರಿಗೆ ಹೇಳಬೇಕಾಗಿಲ್ಲ. ನಾವಿಬ್ಬರೂ ಸೈಕಲ್ ಸಮೇತ ಡಾಂಬರು ಬಿಟ್ಟು ಮಣ್ಣಿಗೆ ಇಳಿದೆವು. ಬಸ್ಸು ಹೋದ ಗಾಳಿಗೆ ನನ್ನ ಟೋಪಿ ಹಳೆಯಂಗಡಿ ಕಡೆಗೆ ಹೊರಟಿತು.

ಭಾವ ಮುಂಡು ಕೊಡವಿಕೊಂಡು ಹೇಳಿದರು: "ಮೊದಲೆಲ್ಲ ನಾನು ಇವರ ಹಿಂದೆಯೇ ಅಂಟಿಕೊಂಡು ಹೋಗ್ತಿದ್ದೆ. ಎಷ್ಟು ಹತ್ತಿರ ಅಂದ್ರೆ ಕಂಡಕ್ಟರ್ ಹಿಂದಿನ ಬಾಗಿಲಿನಿಂದ ಕೈ ಚಾಚಿ ಟಿಕೆಟ್ ಹರೀತಿದ್ದ. ನಾನು ಅರ್ಧ ಟಿಕೆಟ್ ಸಾಕು ಅಂತ ಜಗಳ ಮಾಡ್ತಿದ್ದೆ. ಬಸ್ಸಿನ ಒಳಗೆ ನನ್ನದು ಮುಂದಿನ ಚಕ್ರ ಮಾತ್ರ ಅಲ್ವಾ?"

ಇದಕ್ಕೂ ನನ್ನ ಹತ್ತಿರ ಒಂದು ಸತ್ಯ ಇತ್ತು. 1899ರ ಜೂನ್ 30ರಂದು ನ್ಯೂಯಾರ್ಕ್ ಪಕ್ಕದ ಲಾಂಗ್ ಐಲ್ಯಾಂಡ್‌ನಲ್ಲಿ ಚಾರ್ಲ್ಸ್ ಮರ್ಫಿ ಎಂಬವನು ಓಡುವ ರೈಲಿನ ಹಿಂದೆ ಸೈಕಲ್ ಬಿಟ್ಟ. ಹಳಿಗಳ ನಡುವೆ ಉದ್ದಕ್ಕೂ ಹಲಗೆ ಹಾಸಿದ್ದರು. ಒಂದು ಮೈಲಿಗೆ 57.8 ಸೆಕೆಂಡ್. ಇದರ ಗುಟ್ಟು ತೊಡೆಯಲ್ಲಿ ಮಾತ್ರ ಇಲ್ಲ, ಗಾಳಿಯಲ್ಲಿದೆ. ಸೈಕಲ್ಲಿನ ವೇಗ ಎರಡು ಪಟ್ಟಾದರೆ ಗಾಳಿಯನ್ನು ಸೀಳಲು ಬೇಕಾಗುವ ಶಕ್ತಿ ಎಂಟು ಪಟ್ಟಾಗುತ್ತದೆ. ಎದುರಿನ ಗಾಳಿಯನ್ನು ರೈಲೇ ತಡೆದರೆ ಹಿಂದಿನವನಿಗೆ ಆ ಲೆಕ್ಕ ಕೊಡಬೇಕಾಗಿಲ್ಲ. ನಮ್ಮ ಹೆದ್ದಾರಿಯಲ್ಲಿ ಇದನ್ನು ಯಾರೂ ಮಾಡಬೇಡಿ. ಮರ್ಫಿಯ ರೈಲು ನಡುವೆ ಸ್ಟಾಪಿನಲ್ಲಿ ಗಕ್ಕನೆ ನಿಲ್ಲುತ್ತಿರಲಿಲ್ಲ.

"ಹಲಗೆ ಹಾಸಿದ್ದರಂತೆ!" ಭಾವ ನಕ್ಕರು. "ಎಷ್ಟು ಖರ್ಚು ಮಾಡಿ ಬಂಡಲ್ ಬಿಡ್ತಾರೆ ನೋಡು ಈ ಅಮೆರಿಕದವರು."

ಮೂಲ್ಕಿಯಲ್ಲಿ ಬೊಂಡ ಕುಡಿಯಲು ನಿಂತೆವು. ಇಲ್ಲಿಂದ ಕಿನ್ನಿಗೋಳಿ ಕಡೆಗೆ ಒಳಗೆ ಹೋದರೆ ಐಕಳ. 2020ರ ಫೆಬ್ರವರಿ 1ರಂದು ಅಲ್ಲಿನ ಕಂಬಳದಲ್ಲಿ ಶ್ರೀನಿವಾಸ ಗೌಡರು ಕೋಣಗಳ ಹಿಂದೆ 142.5 ಮೀಟರ್ ಕೆಸರುಗದ್ದೆಯನ್ನು 13.62 ಸೆಕೆಂಡಿನಲ್ಲಿ ಓಡಿದರು. ಯಾರೋ ಭಾಗಿಸಿ ನೋಡಿದರು. ನೂರು ಮೀಟರಿಗೆ 9.55 ಬಂತು. ಉಸೇನ್ ಬೋಲ್ಟ್ 2009ರಲ್ಲಿ ಬರ್ಲಿನ್‌ನಲ್ಲಿ ಮಾಡಿದ ದಾಖಲೆ 9.58. ಸರಿ, ದೇಶಕ್ಕೆ ದೇಶವೇ ಕುಣಿಯಿತು. ದಿಲ್ಲಿಯಿಂದ ಟ್ರಯಲ್ಸ್‌ಗೆ ಕರೆ ಬಂತು. ಗೌಡರು ಹೋಗಲಿಲ್ಲ. ಟ್ರ್ಯಾಕ್ ಬೇರೆ, ಗದ್ದೆ ಬೇರೆ ಅಂದರು. ಹೆಸರು ಕೋಣಗಳಿಗೂ ಸೇರಬೇಕು ಅಂದರು. ಹಗ್ಗ ಹಿಡಿದವನನ್ನು ಕೋಣ ಎಳೆಯುತ್ತದೆ, ಹಾಗಾಗಿ ಈ ಭಾಗಾಕಾರ ಸರಿಯಾದ ಹೋಲಿಕೆ ಅಲ್ಲ ಎಂದು ನನಗೂ ಅನ್ನಿಸುತ್ತದೆ. ಆದರೆ ಆ ಕೆಸರಿನಲ್ಲಿ ಆ ಕೋಣಗಳ ಜೊತೆ ಕಾಲು ಕೂಡಿಸುವುದೇ ಒಂದು ಅದ್ಭುತ. ಬೇಕಿದ್ದರೆ ನೀವೇ ಒಮ್ಮೆ ಗದ್ದೆಗೆ ಇಳಿದು ನೋಡಿ. ಹತ್ತು ಹೆಜ್ಜೆ ಸಾಕು.

ಇದೊಂದನ್ನು ಭಾವ ತಕ್ಷಣ ಒಪ್ಪಿದರು. "ಇದು ಸತ್ಯ. ಕೋಣ ಸುಳ್ಳು ಹೇಳುವುದಿಲ್ಲ."

ಶಾಂಭವಿ ಹೊಳೆಯ ಸೇತುವೆ ದಾಟಿದರೆ ಹೆಜಮಾಡಿ ಟೋಲ್. ಎರಡು ಚಕ್ರಕ್ಕೆ ಟೋಲ್ ಇಲ್ಲ. ಬದಿಯ ದಾರಿಯಲ್ಲಿ ಹೋಗಿ ಎಂದು ಕೈಯಲ್ಲೇ ತೋರಿಸಿದರು. ಭಾವನಿಗೆ ಬೇಸರವಾಯಿತು. ಲಾರಿಯಷ್ಟು ಎಳೆಯುವವನಿಗೆ ಲಾರಿಯಷ್ಟೇ ಟೋಲ್ ಕೇಳಬೇಕಿತ್ತು ಎಂದು ಪಡುಬಿದ್ರಿಯವರೆಗೂ ಗೊಣಗಿದರು. ಹೊತ್ತು ಏರಿತ್ತು. ಕಡಲಗಾಳಿ ಎಡಗಡೆಯಿಂದ, ಸ್ವಲ್ಪ ಎದುರಿನಿಂದ ಬೀಸತೊಡಗಿತು. ಉಚ್ಚಿಲದ ಹೊತ್ತಿಗೆ ಗೊಣಗುವುದೂ ನಿಂತಿತು. ಕಾಪುವಿನಲ್ಲಿ ಬಂಡೆಯ ಮೇಲೆ 1901ರಿಂದ ನಿಂತಿರುವ ದೀಪಸ್ತಂಭದ ಬುಡದಲ್ಲಿ, ಸಿಕ್ಕಿದ ನೆರಳಿನಲ್ಲಿ ಇಬ್ಬರೂ ಅಂಗಾತ ಮಲಗಿದೆವು. ಆಗ ಭಾವ ಕಣ್ಣು ಮುಚ್ಚಿಕೊಂಡೇ, "ಭೂಮಿ ಇವತ್ತು ಸ್ವಲ್ಪ ಬಿಗಿ ಉಂಟು" ಅಂದರು.

ರಾತ್ರಿ ಕಟಪಾಡಿಯಲ್ಲಿ ಭಾವನ ಚಿಕ್ಕಮ್ಮನ ಮನೆ. ಹತ್ತಿರದಲ್ಲೇ ಎಲ್ಲೋ ಹರಕೆಯ ಬಯಲಾಟ ಇತ್ತು, ಚೆಂಡೆ ಕೇಳುತ್ತಿತ್ತು. ಚೆಂಡೆ ಕೇಳಿದ ಮೇಲೆ ಭಾವ ಸುಮ್ನೆ ಇರುವುದುಂಟೇ?

"ಒಂದು ಸಲ ಇಲ್ಲಿಯೇ ಆಟ. ಮಧ್ಯರಾತ್ರಿ ಗ್ಯಾಸ್‌ಲೈಟ್ ಎಲ್ಲ ಒಟ್ಟಿಗೇ ಹೋಯಿತು. ಜನ ಏಳ್ಲಿಕ್ಕೆ ಶುರು. ನಾನು ಸೈಕಲ್ಲನ್ನು ರಂಗಸ್ಥಳದ ಪಕ್ಕ ಸ್ಟ್ಯಾಂಡ್ ಹಾಕಿ ನಿಲ್ಲಿಸಿದೆ. ಹಿಂದಿನ ಚಕ್ರಕ್ಕೆ ಡೈನಮೋ ಕಟ್ಟಿ ತುಳಿದೆ. ಬೆಳಿಗ್ಗೆ ಮಂಗಳ ಹಾಡುವವರೆಗೆ ಬೆಳಕು ನನ್ನದೇ. ಮಹಿಷಾಸುರ ಬರುವಾಗ ಚೆಂಡೆಯವರು ಜೋರು ಮಾಡಿದ್ರಲ್ಲ, ನಾನೂ ಜೋರು ಮಾಡಿದೆ. ಪಡುಬಿದ್ರಿಯಲ್ಲಿ ಬಲ್ಬ್ ಒಡೆಯಿತು."

ಸೈಕಲ್ ಡೈನಮೋ ಕೊಡುವುದು 6 ವೋಲ್ಟ್, 3 ವಾಟ್. ಅದರಲ್ಲಿ ಮಹಿಷಾಸುರನ ಒಂದು ಹಲ್ಲು ಕಾಣಬಹುದು. ನಾನು ಬಾಯಿ ತೆರೆಯುವ ಮೊದಲೇ ಚಿಕ್ಕಮ್ಮ ಒಳಗಿನಿಂದ ಲೋಟ ಹಿಡಿದುಕೊಂಡು ಬಂದರು. ಎಂಬತ್ತು ದಾಟಿದವರು. ಬಹಳ ಗಂಭೀರ ಮುಖ.

"ಇವ ಹೇಳುವುದು ಸತ್ಯ" ಅಂದರು. "ಆ ಬೆಳಕು ನಮ್ಮ ಕೋಳಿಗೂಡಿಗೂ ಬಿದ್ದಿತ್ತು. ಬೆಳಗಾಯ್ತು ಅಂತ ಹುಂಜ ಕೂಗಿತು. ಹೇಂಟೆ ಮೊಟ್ಟೆ ಇಟ್ಟಿತು. ಇವ ಇನ್ನೂ ತುಳೀತಿದ್ದ. ಆ ಶಾಖಕ್ಕೆ ಮೊಟ್ಟೆ ಒಡೆದು ಮರಿಯಾಯ್ತು, ಮರಿ ದೊಡ್ಡದಾಯ್ತು. ಬೆಳಿಗ್ಗೆ ಆಟ ಮುಗಿಸಿ ಬಂದವರಿಗೆ ಅದೇ ಕೋಳಿಯ ಸಾರು ಮಾಡಿ ರೊಟ್ಟಿ ಬಡಿಸಿದ್ದು ನಾನು. ನೀನೂ ತಿಂದಿದ್ದಿ ಅಲ್ವಾ ಮಗ, ಮರೆತು ಹೋಯ್ತಾ?"

ಭಾವ ಸ್ವಲ್ಪ ಹೊತ್ತು ಚಿಕ್ಕಮ್ಮನ ಮುಖ ನೋಡಿದರು. ಆಮೇಲೆ ಎದ್ದು ಕೈ ತೊಳೆಯಲು ಹೋದರು.

ಮಲಗುವ ಮೊದಲು ಸಮಾಧಾನಕ್ಕೆಂದು ನಾನು ಜರ್ಮನಿಯ ಕಥೆ ಹೇಳಿದೆ. ರಾಬರ್ಟ್ ಫರ್ಸ್ಟೆಮನ್ ಎಂಬ ಟ್ರ್ಯಾಕ್ ಸೈಕಲ್ ಸವಾರ. ತೊಡೆಯ ಗಾತ್ರಕ್ಕೇ ಹೆಸರಾದವನು. ಅವನನ್ನು ಒಂದು ಸೈಕಲ್ ಮೇಲೆ ಕೂರಿಸಿ, ಅದರಿಂದ 700 ವಾಟ್‌ನ ಟೋಸ್ಟರ್‌ಗೆ ವೈರ್ ಎಳೆದರು. ಅವನು ಜೀವ ಹೋಗುವ ಹಾಗೆ ತುಳಿದ. ಕೊನೆಗೆ ಒಂದು ಬ್ರೆಡ್ ಹೋಳು ಕಾದು ಮೇಲೆ ಬಂತು.

"ಒಂದು ಬ್ರೆಡ್ಡಾ?"

"ಒಂದೇ."

"ಅಷ್ಟು ದೊಡ್ಡ ತೊಡೆ ಇಟ್ಕೊಂಡು? ನೋಡು ಮಾರಾಯ, ಸುಳ್ಳು ಹೇಳ್ಲಿಕ್ಕೆ ಕೂತ ಮೇಲೆ ಒಂದು ಬೇಕರಿಯಾದ್ರೂ ಹೇಳ್ಬೇಕು." ಮಗ್ಗುಲಾದರು.

ಶನಿವಾರ

ಬೆಳಿಗ್ಗೆ ಕಟಪಾಡಿಯಿಂದ ಮಟ್ಟುವಿಗೆ ಇಳಿದೆವು. ಈ ದಾರಿಯಲ್ಲಿ ಶಕ್ತಿಯೂ ಬೇಡ, ಬಂಡಲ್ಲೂ ಬೇಡ. ನೆಲ ಸಪಾಟು, ಒಂದು ಕಡೆ ಕಡಲು, ಇನ್ನೊಂದು ಕಡೆ ಗುಳ್ಳದ ಗದ್ದೆಗಳು. ಮಟ್ಟು ಗುಳ್ಳ ಎಂದರೆ ಹಸಿರು ಬಣ್ಣದ ಗುಂಡು ಬದನೆ. ವಾದಿರಾಜ ಸ್ವಾಮಿಗಳು ಕೊಟ್ಟ ಬೀಜದಿಂದ ಬಂದದ್ದು ಎಂದು ಊರಿನವರ ನಂಬಿಕೆ. ಉಡುಪಿಯ ಕಡೆ ಸಾಂಬಾರಿಗೆ ಇದರ ಮುಂದೆ ಬೇರೆ ಬದನೆಗೆ ಮರ್ಯಾದೆ ಇಲ್ಲ. ಭಾವ ಕ್ಯಾರಿಯರ್‌ಗೆ ಮೂರು ಕಿಲೋ ಕಟ್ಟಿಸಿಕೊಂಡರು. ಇನ್ನೆರಡು ದಿನ ಹೊರಬೇಕಲ್ಲ ಅಂದೆ. "ಕೆಳಗೆ ಇರುವುದು ಗುಳ್ಳ, ಮೇಲೆ ಇರುವುದು ಯಾರು?" ಎಂದು ಕೇಳಿದರು. ಉತ್ತರ ಕೊಡಲು ಹೋಗಲಿಲ್ಲ.

ಉದ್ಯಾವರ ದಾಟಿ ಉಡುಪಿ ಸೇರುವಾಗ ಒಂಬತ್ತೂವರೆ. ಸೈಕಲ್ ಹೊರಗೆ ಬಿಟ್ಟು, ಕನಕನ ಕಿಂಡಿಯಿಂದ ಕೃಷ್ಣನನ್ನು ನೋಡಿ, ರಥಬೀದಿಯಲ್ಲಿ ಒಂದು ಸುತ್ತು ನಡೆದೆವು. ಊರಿನ ತುಂಬ ಮಸಾಲೆದೋಸೆಯ ವಾಸನೆ. ತಿಂದೆವು. ವಿವರ ಬೇಡ.

ಉಡುಪಿಯಲ್ಲಿ ಬಲದ ಮಾತು ಆಡುವುದು ಸುಲಭವಲ್ಲ. ಮಧ್ವಾಚಾರ್ಯರನ್ನು ಇಲ್ಲಿ ಹನುಮ, ಭೀಮರ ನಂತರದ ವಾಯುವಿನ ಅವತಾರ ಎಂದೇ ನಂಬುತ್ತಾರೆ. ಮಲ್ಪೆಯ ಕಡಲಲ್ಲಿ ಹಡಗು ಬಿರುಗಾಳಿಗೆ ಸಿಕ್ಕಿದ್ದು, ಆಚಾರ್ಯರು ಅದನ್ನು ದಡ ಸೇರಿಸಿದ್ದು, ನಾವಿಕನಿಂದ ಕಾಣಿಕೆಯಾಗಿ ಗೋಪಿಚಂದನದ ಗಡ್ಡೆ ಪಡೆದದ್ದು, ಅದರೊಳಗೆ ಕೃಷ್ಣನ ವಿಗ್ರಹ ಸಿಕ್ಕಿದ್ದು ಎಲ್ಲರಿಗೂ ಗೊತ್ತು. ಮೂವತ್ತು ಜನರಿಂದಲೂ ಎತ್ತಲಾಗದ ಆ ವಿಗ್ರಹವನ್ನು ಅವರೊಬ್ಬರೇ ಎತ್ತಿ ತಂದರು ಎನ್ನುತ್ತದೆ ಕಥೆ. ಘಟ್ಟದ ಮೇಲೆ ಕಳಸದ ಹತ್ತಿರ, ಭದ್ರಾ ನದಿಯ ಅಂಬುತೀರ್ಥದಲ್ಲಿ ಒಂದು ದೊಡ್ಡ ಬಂಡೆ ಇದೆ. ಮಧ್ವಾಚಾರ್ಯರು ಇದನ್ನು ಒಂದೇ ಕೈಯಲ್ಲಿ ತಂದು ಇಟ್ಟರು ಎಂದು ಅದರ ಮೇಲೆಯೇ ಸಂಸ್ಕೃತದಲ್ಲಿ ಕೆತ್ತಿದ್ದಾರೆ. ನಾನು ಓರೆಗಣ್ಣಿನಲ್ಲಿ ಭಾವನನ್ನು ನೋಡಿದೆ. ಅವರು ಎರಡೂ ಕಿವಿ ಹಿಡಿದುಕೊಂಡು, "ಇಲ್ಲಿ ನಾವು ಬಾಯಿ ತೆರೆಯುವುದಲ್ಲ" ಅಂದರು. ರಥಬೀದಿ ದಾಟುವವರೆಗೆ ಒಂದು ಮಾತಿಲ್ಲ.

ಮಲ್ಪೆಗೆ ಬಂದ ಕೂಡಲೇ ಬಾಯಿ ತೆರೆಯಿತು. ಬಂದರಿನಲ್ಲಿ ಬೋಟುಗಳು ಒತ್ತಾಗಿ ನಿಂತಿದ್ದವು. ಮೀನು ತುಂಬಿದ ಬುಟ್ಟಿಗಳನ್ನು ಎತ್ತಿ ಎತ್ತಿ ಇಡುತ್ತಿದ್ದ ಹೆಂಗಸರ ತೋಳು ನೋಡಿದರೆ ನನ್ನ ಕಾಲಿಗೆ ನಾಚಿಕೆಯಾಗಬೇಕು. ಅಂಥವರೊಬ್ಬರ ಎದುರು ಬಂಗುಡೆಯ ರೇಟು ಕೇಳುತ್ತ ಭಾವ ಶುರು ಮಾಡಿದರು.

"ಹಿಂದೆಲ್ಲ ನಾನು ಇಲ್ಲಿಂದ ಮಂಗಳೂರಿಗೆ ಸೈಕಲ್ಲಲ್ಲೇ ಮೀನು ಒಯ್ತಿದ್ದೆ. ಐಸ್ ಗೀಸ್ ಎಂತದೂ ಇಲ್ಲ. ಅಲ್ಲಿ ಮುಟ್ಟುವಾಗ ಬಂಗುಡೆ ಇನ್ನೂ ಕಣ್ಣು ಮಿಟುಕಿಸ್ತಿತ್ತು."

"ಮೀನಿಗೆ ರೆಪ್ಪೆ ಎಲ್ಲುಂಟು ಭಾವ?"

"ಮೊದಲು ಇರ್ಲಿಲ್ಲ. ನನ್ನ ಸೈಕಲ್ಲಿನ ಗಾಳಿಗೆ ಸುರತ್ಕಲ್ ಹತ್ತಿರ ಹುಟ್ಟಿದ್ದು. ಗಾಳಿ ತಡೀಬೇಕಲ್ಲ?"

ಮೀನಿನ ಹೆಂಗಸು ತಲೆ ಎತ್ತಲಿಲ್ಲ. ಬಂಗುಡೆ ಎಣಿಸುತ್ತಲೇ ಹೇಳಿದಳು: "ಅಷ್ಟು ಕಷ್ಟ ಎಂತಕ್ಕೆ ಅಣ್ಣ? ನಮ್ಮ ಬುಟ್ಟಿಯ ಮೀನು ತಾವೇ ಬಸ್ಸು ಹತ್ತಿ ಹೋಗ್ತವೆ. ಲೇಡೀಸ್ ಸೀಟಲ್ಲಿ ಕೂತ್ರೆ ಯಾರೂ ಏಳಿಸುವುದಿಲ್ಲ. ಎಷ್ಟು ಕೊಡ್ಲಿ?"

ಕೊಂಡುಕೊಂಡರೆ ಹಾಕುವುದು ಎಲ್ಲಿ? ಕ್ಯಾರಿಯರ್‌ನಲ್ಲಿ ಗುಳ್ಳ ಇತ್ತು. ಭಾವ ನಾಳೆ ಬರುತ್ತೇನೆಂದು ಹೇಳಿ ಜಾರಿಕೊಂಡರು. ವಡಭಾಂಡೇಶ್ವರದ ಬಲರಾಮನಿಗೆ ಕೈ ಮುಗಿದು, ಸಂಜೆ ಉಡುಪಿಯ ಲಾಡ್ಜಿನಲ್ಲಿ ಕಾಲು ಚಾಚಿದ್ದೇ ಗೊತ್ತು. ಸೇಂಟ್ ಮೇರೀಸ್ ದ್ವೀಪದ ಬೋಟು ಆಗಲೇ ನಿಂತಿತ್ತು. ಅದು ಇನ್ನೊಮ್ಮೆ.

ಭಾನುವಾರ

ಇವತ್ತು ಮಣಿಪಾಲದ ಏರು. ಉಡುಪಿಯಿಂದ ಮಣಿಪಾಲಕ್ಕೆ ಬಸ್ಸಿನಲ್ಲಿ ಹೋಗುವವರಿಗೆ ಇದು ಏರು ಎಂದೇ ಗೊತ್ತಾಗುವುದಿಲ್ಲ. ಸೈಕಲ್ಲಿಗೆ ಗೊತ್ತಾಗುತ್ತದೆ.

ಕಾಗದದ ಮೇಲೆ ಲೆಕ್ಕ ಬಹಳ ಸುಲಭ. ಮಣಿಪಾಲ ಇರುವುದು ಸಮುದ್ರಮಟ್ಟದಿಂದ ಸುಮಾರು 75 ಮೀಟರ್ ಮೇಲೆ. ಸವಾರ ಮತ್ತು ಸೈಕಲ್ ಸೇರಿ 90 ಕಿಲೋ ಎಂದು ಹಿಡಿಯೋಣ. ಅಷ್ಟು ತೂಕವನ್ನು ಅಷ್ಟು ಎತ್ತರಕ್ಕೆ ಏರಿಸಲು ಬೇಕಾದದ್ದು ಸುಮಾರು 66 ಸಾವಿರ ಜೂಲ್, ಅಂದರೆ 16 ಕಿಲೋಕ್ಯಾಲೊರಿ. ತಿಂದದ್ದರಲ್ಲಿ ನಾಲ್ಕನೇ ಒಂದು ಪಾಲು ಮಾತ್ರ ಪೆಡಲ್‌ಗೆ ಹೋಗುತ್ತದೆ, ಉಳಿದದ್ದೆಲ್ಲ ಬೆವರು ಮತ್ತು ಬಿಸಿ. ಹಾಗೆ ನೋಡಿದರೂ ಹೊಟ್ಟೆಗೆ ಬೇಕಾದದ್ದು 65ರ ಆಸುಪಾಸು. ಒಂದು ಬಾಳೆಹಣ್ಣು ತಿಂದರೆ ಮಣಿಪಾಲ ಹತ್ತಿ ಸ್ವಲ್ಪ ಮಿಗುತ್ತದೆ.

ನಾವು ಲಾಡ್ಜಿನಲ್ಲಿ ಇಡ್ಲಿ-ವಡೆ, ಆಮೇಲೆ ಗೋಳಿಬಜೆ, ಆಮೇಲೆ ಬಾಳೆಹಣ್ಣನ್ನೂ ತಿಂದಿದ್ದೆವು. ಈ ಲೆಕ್ಕದಲ್ಲಿ ಆಗುಂಬೆ ಹತ್ತಿ ತೀರ್ಥಹಳ್ಳಿಯಲ್ಲಿ ಊಟಕ್ಕೆ ಕೂರಬೇಕಿತ್ತು. ಅರ್ಧ ಏರಿಗೆ ಇಬ್ಬರೂ ಇಳಿದು ಸೈಕಲ್ ದೂಡುತ್ತಿದ್ದೆವು. ಗೇರ್ ಇದ್ದವನೂ, ಗೇರ್ ಬೇಡದವನೂ, ಮೂರು ಕಿಲೋ ಗುಳ್ಳವೂ.

"ಇಳಿದದ್ದು ಎಂತಕ್ಕೆ ಗೊತ್ತುಂಟಾ?" ಏದುಸಿರಿನಲ್ಲಿಯೇ ಭಾವ ಕೇಳಿದರು. "ನಾನು ಇಲ್ಲಿ ಜೋರಾಗಿ ತುಳಿದ್ರೆ ಏರು ಚಪ್ಪಟೆಯಾಗ್ತದೆ. ಮತ್ತೆ ಮಣಿಪಾಲದಿಂದ ಕಡಲು ಕಾಣುವುದಿಲ್ಲ. ಕಾಲೇಜಿನ ಮಕ್ಕಳಿಗೆ ಬೇಸರ ಆಗ್ಬಾರ್ದಲ್ಲ."

ಆ ಮಕ್ಕಳಲ್ಲಿ ಒಬ್ಬ, ಕಿವಿಗೆ ಹಾಡು ಸಿಕ್ಕಿಸಿಕೊಂಡವ, ತೆಳ್ಳಗಿನ ಟಯರಿನ ಸೈಕಲ್ಲಿನಲ್ಲಿ ನಮ್ಮ ಪಕ್ಕದಿಂದ ಸೀಟಿ ಹೊಡೆಯುತ್ತ ಹತ್ತಿ ಹೋದ. ಭಾವ ನೋಡದವರ ಹಾಗೆ ಆಕಾಶ ನೋಡಿದರು.

ಪರ್ಕಳದಿಂದ ಮುಂದೆ ದಾರಿ ಇಳಿಯುತ್ತದೆ, ಏರುತ್ತದೆ, ಮತ್ತೆ ಇಳಿಯುತ್ತದೆ. ಎರಡೂ ಬದಿಗೆ ಗೋಡಂಬಿ, ಅಡಿಕೆ, ಗದ್ದೆ. ಕರಾವಳಿಯ ಹೆದ್ದಾರಿ ನೋಡಿ ಬೇಸತ್ತವರು ಈ ಉಡುಪಿ-ಕಾರ್ಕಳ ರಸ್ತೆಗೆ ಬರಬೇಕು. ಹಿರಿಯಡ್ಕ ಕಳೆದು ಸ್ವಲ್ಪ ಮುಂದೆ ಭಾವನ ಹಿಂದಿನ ಟಯರ್ ಪಂಕ್ಚರ್. ಅದೃಷ್ಟಕ್ಕೆ ರಸ್ತೆ ಬದಿಯಲ್ಲೇ ಒಂದು ಅಂಗಡಿ ಇತ್ತು. ಒಂದು ಬಾಣಲೆ ನೀರು, ಒಂದು ಪಂಪ್, ನೇತು ಹಾಕಿದ ಹಳೆಯ ಟ್ಯೂಬುಗಳು. ಅಂಗಡಿಯವರು ಟ್ಯೂಬನ್ನು ನೀರಿನಲ್ಲಿ ಮುಳುಗಿಸಿ ಗುಳ್ಳೆ ಹುಡುಕುತ್ತಿದ್ದಾಗ ಭಾವ ಪಂಪ್ ಕೈಗೆತ್ತಿಕೊಂಡರು.

"ನಾನು ಪಂಪ್ ಒತ್ತಿದ್ರೆ ಟಯರ್ ಒಡೆಯುವುದಿಲ್ಲ. ಕೆಳಗೆ ರಸ್ತೆ ಒಡೆಯುವುದು."

ಅಂಗಡಿಯವರು ಟ್ಯೂಬಿಗೆ ಉಜ್ಜುಕಾಗದ ತಿಕ್ಕುತ್ತ, ಬಹಳ ಮೆಲ್ಲಗೆ ಕೇಳಿದರು: "ಓಹೋ. ಹಾಗಾದ್ರೆ ಈ ರಸ್ತೆಗೆಲ್ಲ ಗಾಳಿ ಹಾಕಿದ್ದು ನೀವೇಯಾ? ಮೂರು ವರ್ಷದಿಂದ ಹುಡುಕ್ತಿದ್ದೇವೆ."

ಪಂಪ್ ಕೆಳಗೆ ಇಳಿಯಿತು. ಪ್ಯಾಚಿಗೆ ಅವರು ಕೇಳಿದ್ದಕ್ಕಿಂತ ಹತ್ತು ರೂಪಾಯಿ ಜಾಸ್ತಿಯೇ ಭಾವ ಕೊಟ್ಟರು. ಒಳ್ಳೆಯ ಮಾತಿಗೆ ಅವರು ಯಾವತ್ತೂ ಜಿಪುಣತನ ಮಾಡಿದವರಲ್ಲ, ಅದನ್ನು ಹೇಳಲೇಬೇಕು.

ಬೈಲೂರು ದಾಟಿ ಕಾರ್ಕಳ ಮುಟ್ಟುವಾಗ ಮೂರು ಗಂಟೆ. ಗುಡ್ಡದ ಬುಡದಲ್ಲಿ ಸೈಕಲ್ ಬೀಗ ಹಾಕಿ, ಬಂಡೆಯಲ್ಲಿ ಕಡಿದ ಮೆಟ್ಟಿಲು ಹತ್ತಿದೆವು. ಸೈಕಲ್ ತುಳಿದ ಕಾಲಿಗೆ ಮೆಟ್ಟಿಲು ಅಂದರೆ ಏನೆಂದು ತುಳಿದವರಿಗೇ ಗೊತ್ತು.

ಮೇಲೆ 42 ಅಡಿಯ ಬಾಹುಬಲಿ. ಒಂದೇ ಕಲ್ಲು. ಸುಮಾರು 80 ಟನ್ ತೂಕ ಎನ್ನುತ್ತಾರೆ. 1432ರಲ್ಲಿ ವೀರಪಾಂಡ್ಯ ಅರಸ ನಿಲ್ಲಿಸಿದ್ದು. ಶ್ರವಣಬೆಳಗೊಳದ್ದನ್ನು ಗುಡ್ಡದ ತುದಿಯ ಬಂಡೆಯಲ್ಲೇ ಕಡಿದರು ಎಂದು ಓದಿದ್ದೆ. ಕಾರ್ಕಳದ ಕಥೆ ಬೇರೆ. ಇದನ್ನು ಕೆಳಗೆ ಎಲ್ಲೋ ಕೆತ್ತಿ, ಗುಡ್ಡದ ಮೇಲಕ್ಕೆ ಎಳೆದು ತಂದರು ಎನ್ನುತ್ತಾರೆ. ಹೇಗೆ ಎಳೆದರು ಎಂಬುದನ್ನು ನಾನು ಹಳೆಯ ಬರಹವೊಂದರಲ್ಲಿ ಓದಿದ್ದೆ. ಬ್ರಿಟಿಷ್ ಕಾಲದ ಅಧಿಕಾರಿಯೊಬ್ಬ ಜನರ ಬಾಯಿಂದ ಕೇಳಿ ಬರೆದಿಟ್ಟದ್ದು. ಭಾವನಿಗೆ ನಿಧಾನವಾಗಿ ಹೇಳಿದೆ.

"ಇಪ್ಪತ್ತು ಬಂಡಿಗಳನ್ನು ಒಂದರ ಹಿಂದೆ ಒಂದು ಕಟ್ಟಿದರಂತೆ. ಬಂಡಿ ಕಬ್ಬಿಣದ್ದು, ಚಕ್ರ ಉಕ್ಕಿನದ್ದು. ಅದರ ಮೇಲೆ ಮೂರ್ತಿ. ಹೊರಡುವ ಮೊದಲು ಒಂದೊಂದು ಬಂಡಿಗೆ ಹತ್ತು ಸಾವಿರ ತೆಂಗಿನಕಾಯಿ ಒಡೆದರಂತೆ. ಆಮೇಲೆ ಲೆಕ್ಕವಿಲ್ಲದಷ್ಟು ಹತ್ತಿ ಹಾಸಿ, ಭಕ್ತರ ಪಡೆಗಳು ಇಳಿಜಾರಿನ ದಾರಿಯಲ್ಲಿ ಮೇಲಕ್ಕೆ ಎಳೆದವಂತೆ."

ಭಾವ ಮಾತಾಡಲಿಲ್ಲ. ಬೆರಳು ಮಡಚುತ್ತಿದ್ದರು.

"ಎರಡು ಲಕ್ಷ" ಅಂದರು ಕೊನೆಗೆ.

"ಏನು?"

"ಕಾಯಿ. ಇಪ್ಪತ್ತು ಗುಣಿಸು ಹತ್ತು ಸಾವಿರ. ಎರಡು ಲಕ್ಷ ಕಾಯಿ." ಅಲ್ಲೇ ಕಲ್ಲಿನ ಮೇಲೆ ಕೂತರು. "ನೋಡು, ಇದು ಬಂಡಲ್ ಅಂದ್ರೆ. ನಾನು ಇಷ್ಟು ವರ್ಷ ಎಳೆದೆ, ಎತ್ತಿದೆ, ಹೊತ್ತೆ ಅಂತ ಹೇಳ್ತಾ ಬಂದೆ. ಕಾಯಿಯ ಲೆಕ್ಕ ತಲೆಗೇ ಹೋಗ್ಲಿಲ್ಲ. ಎಳೆದದ್ದನ್ನು ಯಾರೂ ನಂಬದಿದ್ರೂ ಕಾಯಿ ಒಡೆದದ್ದನ್ನು ನಂಬ್ಲೇಬೇಕು. ಅಷ್ಟು ಕಾಯಿ ಸುಮ್ನೆ ಯಾರು ಒಡೀತಾರೆ?"

"ಮೂರ್ತಿ ಮೇಲೆ ಬಂದದ್ದು ಸುಳ್ಳಲ್ಲವಲ್ಲ ಭಾವ. ಎದುರಿಗೇ ಉಂಟು."

"ಅದೇ ಮಾರಾಯ. ಕೆಲಸ ನಿಜ, ಕಾಯಿ ಜಾಸ್ತಿ."

ನಾವು ಸುಮಾರು ಹೊತ್ತು ಅಲ್ಲೇ ಕೂತೆವು. ನನಗೆ ಕಾಯಿಗಿಂತ ಹತ್ತಿಯ ಮೇಲೆಯೇ ಕಣ್ಣು. ಕಲ್ಲಿಗೆ ಪೆಟ್ಟಾಗದಿರಲಿ ಎಂದು ಯಾರೋ ಮೆತ್ತೆಯ ಬಗ್ಗೆ ಯೋಚಿಸಿದ್ದಾರೆ. ಬರೀ ಕಟ್ಟುಕಥೆಗೆ ಇಷ್ಟು ಜಾಗ್ರತೆ ಬೇಕಿರಲಿಲ್ಲ. ಮನುಷ್ಯನ ಒಂದು ಕಾಲಿನಲ್ಲಿ ಬರುವುದು 50 ವಾಟ್. ಅಂಥ ಕಾಲುಗಳನ್ನು ಸಾವಿರಗಟ್ಟಲೆ ಒಂದೇ ಹಗ್ಗಕ್ಕೆ, ಒಂದೇ ಇಳಿಜಾರಿಗೆ ಸೇರಿಸಿದವನ ಲೆಕ್ಕ ನಮ್ಮ ಸುರತ್ಕಲ್ ಗೇಟಿನ ಲೆಕ್ಕಕ್ಕಿಂತ ದೊಡ್ಡದು. ಎದುರಿನ ಸಣ್ಣ ಗುಡ್ಡದ ಮೇಲೆ ಚತುರ್ಮುಖ ಬಸದಿ ಕಾಣುತ್ತಿತ್ತು. 1586ರದ್ದು. ಅದರ ಕಲ್ಲುಗಳನ್ನು ಯಾರು ಹೊತ್ತರೋ, ಎಷ್ಟು ಕಾಯಿ ಒಡೆದರೋ ಎಂದು ಭಾವ ಇಳಿಯುವವರೆಗೂ ಕೇಳುತ್ತಿದ್ದರು.

ಸೋಮವಾರ

ಕಾರ್ಕಳದಿಂದ ಮೂಡುಬಿದಿರೆಗೆ ಹದಿನೆಂಟು ಕಿಲೋಮೀಟರ್ ಇರಬಹುದು. ಬೆಳಗಿನ ತಂಪು, ಕಾಲು ಚೆನ್ನಾಗಿ ಓಡಿತು. 1430ರ ಸಾವಿರ ಕಂಬದ ಬಸದಿಯಲ್ಲಿ ಭಾವ ಕಂಬ ಎಣಿಸಲು ಶುರು ಮಾಡಿ, ಇಪ್ಪತ್ತರ ಸುಮಾರಿಗೆ ಕೆತ್ತನೆ ನೋಡುತ್ತ ಎಣಿಕೆ ಬಿಟ್ಟರು. ಅವರಿವತ್ತು ಸ್ವಲ್ಪ ಮೆತ್ತಗಿದ್ದರು. ಯಾವ ಕಂಬವನ್ನೂ ತಾವು ನಿಲ್ಲಿಸಿದೆ ಅನ್ನಲಿಲ್ಲ.

ನನಗೇ ಹೇಗೋ ಆಯಿತು. ಹುರುಪು ಬರಲಿ ಎಂದು, ಮಿಜಾರು ದಾಟುವಾಗ, ಡೆನಿಸ್ ಮ್ಯೂಲರ್-ಕೋರೆನೆಕ್ ಎಂಬ ಅಮೆರಿಕದ ಹೆಂಗಸಿನ ಸುದ್ದಿ ತೆಗೆದೆ. 2018ರಲ್ಲಿ ಯೂಟಾದ ಉಪ್ಪಿನ ಬಯಲಿನಲ್ಲಿ, ರೇಸ್ ಕಾರಿನ ಹಿಂದೆ, ಗಂಟೆಗೆ ಸುಮಾರು 296 ಕಿಲೋಮೀಟರ್ ವೇಗದಲ್ಲಿ ಸೈಕಲ್ ತುಳಿದವರು.

"ಇನ್ನೂರ ತೊಂಬತ್ತಾರು" ಎಂದು ಭಾವ ಮೆಲ್ಲಗೆ ಹೇಳಿಕೊಂಡರು. ಬೈದುಬಿಡುತ್ತಾರೆ ಎಂದು ಕಾದೆ. "ಕಾಯಿ ಎಷ್ಟು ಒಡೆದ್ರು?" ಎಂದು ಮಾತ್ರ ಕೇಳಿದರು.

ಎಡಪದವು, ಗಂಜಿಮಠ. ಬಿಸಿಲು ಏರಿತು. ಕೈಕಂಬದ ಒಂದು ಹೋಟೆಲಿನಲ್ಲಿ ಚಾ ಕುಡಿಯಲು ನಿಂತೆವು. ಗಲ್ಲೆಯಲ್ಲಿದ್ದವರು ಸೈಕಲ್ ನೋಡಿದರು, ಕ್ಯಾರಿಯರ್‌ನಲ್ಲಿ ಬಾಡಿದ ಗುಳ್ಳ ನೋಡಿದರು, ಭಾವನ ಬಿಳಿ ತಲೆ ನೋಡಿದರು.

"ಎಲ್ಲಿಂದ ಬರುವುದು?"

ಭಾವ ಲೋಟ ಕೆಳಗಿಟ್ಟರು. ಬಹಳ ಸಾದಾ ದನಿಯಲ್ಲಿ, ಒಂದು ಮಾತೂ ಸೇರಿಸದೆ ಹೇಳಿದರು: "ಶುಕ್ರವಾರ ಮಂಗಳೂರಿನಿಂದ ಹೊರಟದ್ದು. ಕಟಪಾಡಿ, ಉಡುಪಿ, ಮಲ್ಪೆ. ನಿನ್ನೆ ಮಣಿಪಾಲ ಹತ್ತಿ ಕಾರ್ಕಳ. ಇವತ್ತು ಮೂಡುಬಿದಿರೆಯಾಗಿ ಮನೆಗೆ."

"ಇದೇ ಸೈಕಲ್ಲಲ್ಲಿ?"

"ಇದೇ ಸೈಕಲ್ಲಲ್ಲಿ."

ಹೋಟೆಲಿನಲ್ಲಿದ್ದವರೆಲ್ಲ ನಕ್ಕರು. ಗಲ್ಲೆಯವರು ಚಿಲ್ಲರೆ ಎಣಿಸುತ್ತ, "ಬಂಡಲ್ ಬಿಡ್ಬೇಡಿ ಮಾರಾಯ್ರೆ. ಈ ಪ್ರಾಯದಲ್ಲಾ? ಬಸ್ಸಿನ ಟಾಪಲ್ಲಿ ಹಾಕಿಸಿಕೊಂಡು ಬಂದದ್ದು, ನಮಗೆ ಗೊತ್ತಾಗುವುದಿಲ್ವಾ?" ಅಂದರು.

ಭಾವನ ಮುಖ ಕೆಂಪಾಯಿತು. ನಾನು ಸಾಕ್ಷಿ ಹೇಳಲು ಎದ್ದೆ. ಅವರು ಕೈ ಹಿಡಿದು ಕೂರಿಸಿದರು. ಒಂದು ಗುಟುಕು ಚಾ ಕುಡಿದರು.

"ಹೌದು" ಅಂದರು. "ಬಸ್ಸಿನ ಮೇಲೆಯೇ ಹಾಕಿದ್ದು. ಬಸ್ಸು ಎಡಪದವಿನಲ್ಲಿ ಕೆಟ್ಟು ನಿಂತಿತು. ಡ್ರೈವರ್ ಇಳಿದು ನನ್ನ ಕಾಲು ಹಿಡಿದ. ಮತ್ತೆ ಎಂತ ಮಾಡುವುದು? ಸೈಕಲ್ ಇಳಿಸಿ, ಕ್ಯಾರಿಯರ್‌ಗೆ ಹಗ್ಗ ಕಟ್ಟಿ, ಬಸ್ಸನ್ನು ಇಲ್ಲಿಯವರೆಗೆ ಎಳೆದುಕೊಂಡು ಬಂದೆ. ಒಳಗೆ ಐವತ್ತು ಜನ, ನಿಂತವರು ಬೇರೆ. ಹೊರಡುವ ಮೊದಲು ಒಂದೊಂದು ಚಕ್ರಕ್ಕೆ ನೂರು ಕಾಯಿ ಒಡೆಸಿದೆ."

"ನೂರಾ?"

"ನೂರು. ಬೇಕಿದ್ರೆ ಎಡಪದವಿಗೆ ಹೋಗಿ ನೋಡಿ. ರಸ್ತೆ ಇನ್ನೂ ಒದ್ದೆ ಉಂಟು."

ಮೂಲೆಯಲ್ಲಿ ಕೂತಿದ್ದ ಅಜ್ಜನೊಬ್ಬ ಪೇಪರ್ ಮಡಚಿದ. "ಹೌದಾದ್ರೆ ಹೌದು" ಅಂದ. "ಬೆಳಿಗ್ಗೆ ನಮ್ಮ ಹುಡುಗ ಆ ಕಡೆಯಿಂದ ಎರಡು ಗಡಿ ಕಾಯಿ ಹೆಕ್ಕಿ ತಂದಿದ್ದ."

ಗಲ್ಲೆಯವರು ಚಾದ ದುಡ್ಡು ತೆಗೆದುಕೊಳ್ಳಲಿಲ್ಲ.